ಪಂಪ್ ಬಿಚ್ಚಿದ ದಿನ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.30

ಆಯಿಲ್ ಸರಿ ಇದೆ. ಕೂಲಂಟ್ ಸರಿ ಇದೆ. ಅರ್ಧ ಸೆಲ್ಫ್‌ಗೇ ಸ್ಟಾರ್ಟ್ ಆಯಿತು. ಬಾನೆಟ್ ಎತ್ತಿಟ್ಟು ಐದು ನಿಮಿಷ ಸುಮ್ಮನೆ ಕೇಳುತ್ತ ನಿಂತೆ. ಹೊಲಿಗೆ ಯಂತ್ರದ ಹಾಗೆ ಸದ್ದು.

ಆರು ವಾರ ನನ್ನ ಡ್ರೈವಿಂಗ್ ಸ್ಕೂಲಿಗೆ ಬೀಗ ಹಾಕಿ ಕಟ್ಟಿದ ಕಾರಿನ ಇಂಜಿನ್. ಸಿಲಿಂಡರ್ ಕೊರೆಯುವ ಬೋರಿಂಗ್ ಕೆಲಸವಷ್ಟೇ ಲೇತ್‌ನವನದು. ಪಿಸ್ಟನ್, ರಿಂಗ್, ಬೇರಿಂಗ್, ಆಯಿಲ್ ಪಂಪ್ — ಕೂರಿಸಿದ್ದೆಲ್ಲ ನಾನೇ. ಅಪ್ಪನ ಗ್ಯಾರೇಜಿನಲ್ಲಿ ಕಲಿತದ್ದು ಸುಮ್ಮನೆ ಹೋಗಲಿಲ್ಲ. ಏಳಕ್ಕೆ ನರ್ಸಮ್ಮನ ಕ್ಲಾಸ್. ಇನ್ನೂ ಕ್ಲಚ್ ಕಂಡರೆ ಬೆವರುತ್ತಾಳೆ.

ಮಾರ್ಚ್ 5, ಬುಧವಾರ

ಹೋಯಿತು. ಎಲ್ಲ ಹೋಯಿತು.

ಸರ್ಕಲ್ ಹತ್ತಿರ ಆಯಿಲ್ ಲೈಟ್ ಹೊತ್ತಿತು. ಆಫ್ ಮಾಡು ಎಂದು ಬಾಯಿ ತೆರೆಯುವಷ್ಟರಲ್ಲಿ ಟಕ್ ಟಕ್ ಟಕ್ — ಆಮೇಲೆ ಇಂಜಿನ್ ಜಾಮ್. ನಡುರಸ್ತೆಯಲ್ಲಿ. ಹಿಂದೆ ಹಾರ್ನುಗಳ ಸಂತೆ. ತನ್ನದೇ ತಪ್ಪೆಂದುಕೊಂಡು ನರ್ಸಮ್ಮ ಅಳುತ್ತಿದ್ದಳು.

ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ. ದಾರಿಯಲ್ಲೇ ಮೈದುನನ ಸ್ಪೇರ್ ಪಾರ್ಟ್ಸ್ ಅಂಗಡಿ. ಟೀ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಪಕ್ಕದವನ ಕಿವಿಯಲ್ಲಿ ಏನೋ ಅಂದ. ಇಬ್ಬರೂ ನಕ್ಕರು.

ಮಾರ್ಚ್ 6, ಗುರುವಾರ

ಹೋಗಿ ಮೈದುನನನ್ನು ಕೇಳಿದೆ. ಇಂಜಿನ್ನಿಗೆಲ್ಲ ಎಣ್ಣೆ ತಳ್ಳುವ ಆ ಪಂಪ್ ಅವನ ಅಂಗಡಿಯದೇ. ಬಿಚ್ಚಿ ನೋಡೋಣ ಬಾ ಎಂದೆ. ಬಿಚ್ಚುವುದೇನೂ ಬೇಡವಂತೆ, ಅವನಿಗೆ ಆಗಲೇ ಗೊತ್ತಂತೆ. ನಾಲ್ಕು ಮೆಕ್ಯಾನಿಕ್‌ಗಳು ಕೌಂಟರಿಗೆ ಒರಗಿ ನಿಂತಿದ್ದರು. ಅವರ ಮುಂದೆಯೇ ಹೇಳಿದ —

"ಪಂಪ್ ಕಂಪನೀದು, ಅತ್ತಿಗೆ. ಫಿಟ್ಟಿಂಗ್ ನಿಮ್ದು. ಮಿಕ್ಸಿ ರಿಪೇರಿ ಮಾಡಿದ ಹಾಗಲ್ಲ ಇದು."

ನಗು. ಒಬ್ಬನಿಗಂತೂ ಟೀ ನೆತ್ತಿಗೇರಿತು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನನ್ನ ಮೂವರು ವಿದ್ಯಾರ್ಥಿಗಳು ಬೇರೆ ಸ್ಕೂಲಿಗೆ ಸೇರಿಕೊಂಡರು. ಲೇತ್‌ನವನು ಕೂಡ ಸಮಾಧಾನ ಮಾಡುವ ದನಿಯಲ್ಲಿ ಮಾತಾಡಿದ... ಅದೇ ಹೆಚ್ಚು ಉರಿಯಿತು.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಇಂಜಿನ್ ಅಡಿಯ ಎಣ್ಣೆತಟ್ಟೆ, ಸಂಪ್, ಇಳಿಸಿದೆ. ಎಣ್ಣೆಯ ತುಂಬ ಮಿನುಗುವ ಪುಡಿ. ಗಂಡ ಟಾರ್ಚ್ ಹಿಡಿದಿದ್ದರು. ಪಂಪ್ ಬಿಚ್ಚಿದೆ. ಒಳಗಿನ ಗೇರ್ ಬಿಸ್ಕತ್ತಿನ ಹಾಗೆ ಉದುರಿದೆ. ಮೊದಲು ಬಿಚ್ಚಿ ತೆಗೆದಿಟ್ಟಿದ್ದ ಹಳೆಯ ಪಂಪನ್ನು ಪಕ್ಕಕ್ಕಿಟ್ಟೆ. ಅದರ ಮೇಲೆ ಕಂಪನಿಯ ಗುರುತು ಅಚ್ಚಾಗಿದೆ. ಇದರಲ್ಲಿ ಬಣ್ಣದಲ್ಲಿ ಬರೆದದ್ದು. ಉಗುರಿನಲ್ಲಿ ಕೆರೆದರೆ ಬಂತು. ಡಬ್ಬಿಯ ಸ್ಟಿಕ್ಕರಿನ ಕೆಳಗೆ ಇನ್ನೊಂದು ಸ್ಟಿಕ್ಕರ್.

ಡೂಪ್ಲಿಕೇಟ್. ಸ್ವಂತ ಅತ್ತಿಗೆಗೇ ಕೊಟ್ಟಿದ್ದಾನೆ.

ಅಳು ಬರಬೇಕಿತ್ತು. ನಗು ಬಂತು. ಸಿಕ್ಕಿಬಿದ್ದ!

ಇವರು ಟಾರ್ಚ್ ಆರಿಸಿ, ವ್ಯಾನ್ ಡ್ರೈವರ್ ಸೆಕೆಂಡ್ ಗೇರೂ ಇದೇ ಪಂಪ್ ಒಯ್ದಿದ್ದನಲ್ಲ ಎಂದರು. ಹೌದು. ಅವನ ಶಾಲಾ ವ್ಯಾನಿಗೂ ಇದೇ ಇಂಜಿನ್. ಒಂದೇ ದಿನ, ಒಂದೇ ಕೌಂಟರಿನಲ್ಲಿ ಪಕ್ಕಪಕ್ಕ ನಿಂತು ಕೊಂಡೆವು. ನನ್ನ ಮೊದಲ ಬ್ಯಾಚಿನ ವಿದ್ಯಾರ್ಥಿ ಅವನು. ತಿಂಗಳು ಪೂರ್ತಿ ಸೆಕೆಂಡ್ ಗೇರಿನಲ್ಲೇ ಓಡಿಸಿದ. ಹೆಸರು ಹಾಗೆಯೇ ಉಳಿಯಿತು.

"ಅವನಿಗಾದ್ರೂ ಒಂದು ಮಾತು ಹೇಳು," ಎಂದರು.

ಹೇಳಿದರೆ ಅವನು ನೆಟ್ಟಗೆ ಅಂಗಡಿಗೆ ಹೋಗಿ ಜಗಳ ತೆಗೆಯುತ್ತಾನೆ. ಮೈದುನ ಅರ್ಧ ಗಂಟೆಯಲ್ಲಿ ಮಾಲು ಸಾಗಿಸಿ ಕೈ ತೊಳೆದುಕೊಳ್ಳುತ್ತಾನೆ. ಇಪ್ಪತ್ತೊಂದಕ್ಕೆ ಕಂಪನಿಯ ಇನ್ಸ್‌ಪೆಕ್ಟರ್ ಬರುತ್ತಾರೆ. ಮೈದುನನಿಗೆ ಡೀಲರ್‌ಶಿಪ್ ಕೊಡಬಹುದೇ ಎಂದು ಅಂಗಡಿ ನೋಡಲು. ಅವತ್ತು, ಅವರ ಮುಂದೆ, ಈ ಪಂಪ್ ಇಡುತ್ತೇನೆ. ಹನ್ನೆರಡು ದಿನ. ಅಷ್ಟು ದಿನ ಬಾಯಿ ಬಿಡಬೇಡಿ ಎಂದು ಇವರಿಗೆ ಹೇಳಿದೆ. ಒಡಹುಟ್ಟಿದವನೆಂದು ಮನಸ್ಸು ಕರಗಬಾರದು ಎಂದೂ ಹೇಳಿದೆ.

ಇವರಿಗೆ ತಮ್ಮನ ಚಿಂತೆಯಲ್ಲ. ಅದು ನನಗೂ ಗೊತ್ತು.

ಮಾರ್ಚ್ 13, ಗುರುವಾರ

ಸಿಗ್ನಲ್ಲಿನಲ್ಲಿ ವ್ಯಾನ್ ಸಿಕ್ಕಿತು. ತುಂಬ ಮಕ್ಕಳು. ಸೆಕೆಂಡ್ ಗೇರ್ ಕಿಟಕಿಯಿಂದ ಬಗ್ಗಿ ನನ್ನ ಇಂಜಿನ್ ಏನಾಯಿತೆಂದು ಕೇಳಿದ. ಇನ್ನೂ ಬಿಚ್ಚಿಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು ಮಾತು!

ಇಣುಕಿ ನೋಡಿದೆ — ಅವನ ಆಯಿಲ್ ಲೈಟ್ ಹೊತ್ತಿರಲಿಲ್ಲ. ಅವನ ಪಂಪ್ ಒರಿಜಿನಲ್ಲೇ ಇರಬಹುದು. ಹೇಗೂ ನಿಧಾನ ಓಡಿಸುತ್ತಾನೆ.

ಮಾರ್ಚ್ 17, ಸೋಮವಾರ

ಅಂಗಡಿಯ ಹೊಸ ಬೋರ್ಡ್ ಮೇಲೇರಿದೆ, ಬಟ್ಟೆ ಹೊದಿಸಿಕೊಂಡು. ನೋಡಲೆಂದೇ ಎರಡು ಸಲ ಆ ರಸ್ತೆಯಲ್ಲಿ ನಡೆದೆ. ಮೈದುನ ಕೈ ಬೀಸಿದ. ನಾನೂ ಬೀಸಿದೆ.

ಪಂಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಅಡುಗೆ ಮಾಡುತ್ತ ಮಾತು ಅಭ್ಯಾಸ ಮಾಡುತ್ತೇನೆ. ದನಿ ಏರಿಸಬಾರದು. ಮೊದಲು ನಮಸ್ಕಾರ, ಆಮೇಲೆ ಪಂಪ್. ಅವನ ಮುಖದ ನೀರಿಳಿಯುವುದನ್ನು ನಿಂತು ನೋಡಬೇಕು.

ಮಾರ್ಚ್ 20, ಗುರುವಾರ. ಸಂಜೆ 4

ಸೆಕೆಂಡ್ ಗೇರ್ ಫೋನ್ ಮಾಡಿದ. ಎತ್ತಲಿಲ್ಲ. ಮಾತಿಗಿಳಿದರೆ ಬಾಯಿ ಜಾರುತ್ತದೆ. ಮತ್ತೆ ಮಾಡಿದ. ಇವರು ಫೋನನ್ನೂ ನನ್ನನ್ನೂ ನೋಡಿ ಎದ್ದು ಹೋದರು. ಇನ್ನೊಂದೇ ದಿನ.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 2

ಆಯಿತು!

ಇನ್ಸ್‌ಪೆಕ್ಟರ್ ಮಿತಭಾಷಿ. ಪಂಪನ್ನು ತಿರುಗಿಸಿ ನೋಡಿದರು, ಬಣ್ಣ ಕೆರೆದರು, ಮೇಲಿನ ಶೆಲ್ಫಿನ ಡಬ್ಬಿಗಳನ್ನು ಇಳಿಸಿ ಎಂದರು. ಹನ್ನೊಂದು ಡಬ್ಬಿ. ಒಂಬತ್ತು ಡೂಪ್ಲಿಕೇಟ್. ಮೈದುನನ ಅಂಗಿ ಬೆನ್ನಿಗೆ ಅಂಟಿತ್ತು.

"ಒಳಗೆ ಬನ್ನಿ ಅತ್ತಿಗೆ, ಮನೆ ವಿಷಯ, ಕೂತು ಮಾತಾಡೋಣ," ಎಂದ.

"ಫಿಟ್ಟಿಂಗ್ ನಂದು. ಪಂಪ್ ಯಾರದು ಅಂತ ಇವರ ಮುಂದೆ ಹೇಳು."

ಅವತ್ತು ನಕ್ಕವರಲ್ಲಿ ಇಬ್ಬರು ಅಲ್ಲೇ ಇದ್ದರು. ಒಬ್ಬನೂ ತಲೆಯೆತ್ತಲಿಲ್ಲ. ಇನ್ಸ್‌ಪೆಕ್ಟರ್ ಫೈಲು ಮುಚ್ಚಿ ಕಾರು ಹತ್ತಿದರು. ಹೊಟ್ಟೆ ತಣ್ಣಗಾಯಿತು. ಮದುವೆಯ ದಿನವೂ ಇಷ್ಟು ಖುಷಿಯಾಗಿರಲಿಲ್ಲ.

ಅದೇ ದಿನ, ಸಂಜೆ

ವ್ಯಾನ್. ಬೆಳಿಗ್ಗೆ ಒಂಬತ್ತಕ್ಕೆ. ಮಕ್ಕಳನ್ನು ಇಳಿಸಿ ಬರುವಾಗ, ಫ್ಲೈಓವರ್ ಇಳಿಜಾರಿನಲ್ಲಿ ಇಂಜಿನ್ ಜಾಮ್. ಹಿಂದಿನಿಂದ ಲಾರಿ.

ಒಂಬತ್ತಕ್ಕೆ ನಾನು ಯಾವ ಸೀರೆ ಉಡಲಿ ಎಂದು ನೋಡುತ್ತಿದ್ದೆ.

ಮಾರ್ಚ್ 26, ಬುಧವಾರ

ಇವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಸೆಕೆಂಡ್ ಗೇರ್‌ನ ಬಲಗಾಲಿಗೆ ಎರಡು ಕಡೆ ಪ್ಲೇಟ್. ಮೊಣಕಾಲು ಇನ್ನು ಮಡಚುವುದಿಲ್ಲವಂತೆ. ಬ್ರೇಕ್ ತುಳಿಯುವ ಕಾಲು. ನನ್ನನ್ನು ಕಂಡು ಏಳಲು ನೋಡಿದ. ಅವನ ಹೆಂಡತಿ ಸ್ಟೂಲ್ ಬಿಟ್ಟುಕೊಟ್ಟಳು. ನಾನು ಮೈದುನನ ಬಣ್ಣ ಬಯಲು ಮಾಡಿದ್ದು ಅವರಿಗೆ ಆಗಲೇ ತಿಳಿದಿತ್ತು. ನನ್ನಂಥವರು ಇದ್ದದ್ದಕ್ಕೆ ಇನ್ನು ಹತ್ತು ಜನರ ಕೈಕಾಲು ಉಳಿಯಿತೆಂದು ಅವಳು ಕೈ ಮುಗಿದಳು. ಅಪಘಾತದ ಹಿಂದಿನ ದಿನ ಆಯಿಲ್ ಲೈಟ್ ಮಿಣುಕಿದಾಗ ನನಗೆ ಫೋನ್ ಮಾಡಿದ್ದನಂತೆ. ಕೆಲಸದಲ್ಲಿದ್ದಿರೇನೋ ಎಂದು ಅವನೇ ಹೇಳಿದ.

ಪೊಲೀಸರು ನನ್ನ ಹೇಳಿಕೆ ಬರೆದುಕೊಳ್ಳಲು ನಾಳೆ ಮನೆಗೆ ಬರುತ್ತಾರಂತೆ. ಮೈದುನ ಬಚಾವಾಗಬಾರದು, ಎಲ್ಲ ತಾರೀಕು ಸರಿಯಾಗಿ ಕೊಡಿ ಎಂದ. ಆಮೇಲೆ, ಸುಮ್ಮನೆ ನೆನಪಾದ ಹಾಗೆ —

"ಮೇಡಂ, ನೀವು ಪಂಪ್ ಬಿಚ್ಚಿ ನೋಡಿದ್ದು ಯಾವತ್ತು?"

ಅವನ ಹೆಂಡತಿಯೂ ತಲೆಯೆತ್ತಿದಳು. ಇವರು ಕಿಟಕಿಯ ಕಡೆ ತಿರುಗಿದರು. ನಾನು ಅವನ ಕಾಲನ್ನೇ ನೋಡುತ್ತ ಹೇಳಿದೆ. ಹೇಳಿದ್ದು ಒಂಬತ್ತನೇ ತಾರೀಕನ್ನಲ್ಲ.