ತಡವಾಗಿ ಬಂದೆ

ಜೂನ್ 3, ಸೋಮವಾರ

ಇವತ್ತೂ ಸ್ಟುಡಿಯೊಗೆ ಮೊದಲು ಹೋದವನು ನಾನೇ. ಬೇಸ್ ಗಿಟಾರಿಗೆ ಹೊಸ ತಂತಿ ಹಾಕಿ ಮುಗಿಸುವಷ್ಟರಲ್ಲಿ ಹೀರೋ ಬಂದ. ಕಾಲೇಜಿನಲ್ಲಿ ಇಟ್ಟ ಹೆಸರು, ತಲೆ ಬೋಳಾದರೂ ಅವನನ್ನು ಬಿಟ್ಟಿಲ್ಲ. ಹಿಂದೆಯೇ ಅವಳು, ಬಿಸಿನೀರಿನ ಫ್ಲಾಸ್ಕ್ ಹಿಡಿದು. ಬ್ಯಾಂಡಿನ ಕೀಬೋರ್ಡ್ ಅವಳದು. ಹಾಡುಗಾರ ಗಂಡನ ಗಂಟಲೂ ಅವಳದೇ ಜವಾಬ್ದಾರಿ. ಡ್ರಮ್ಮರ್ ಅವಳನ್ನು ಅತ್ತಿಗೆ ಎನ್ನುತ್ತಾನೆ. ನನ್ನ ಬಾಯಿಗೆ ಆ ಮಾತು ಇಂದಿಗೂ ಬಂದಿಲ್ಲ.

ಹಳೆಯ ಹಾಡುಗಳನ್ನೆಲ್ಲ ಮತ್ತೆ ರೆಕಾರ್ಡ್ ಮಾಡುತ್ತಿದ್ದೇವೆ. ಅವನ ದನಿ ಮೇಲಕ್ಕೆ ಹೋಗುವುದಿಲ್ಲ. ಅವಳು ಶ್ರುತಿ ಇಳಿಸುತ್ತಾಳೆ, ಮತ್ತೂ ಇಳಿಸುತ್ತಾಳೆ. ನನಗೆ ಬೆರಳು ನೋಯುತ್ತಿದೆ ಎಂದೆ. ಮುಲಾಮು ಡ್ರಾಯರ್‌ನಲ್ಲಿದೆ ಎಂದಳು, ತಿರುಗಿಯೂ ನೋಡದೆ.

ಹೊಟ್ಟೆಕಿಚ್ಚು. ಬೇರೆ ಹೆಸರು ಯಾಕೆ ಇಡಬೇಕು?

ಜೂನ್ 4, ಮಂಗಳವಾರ

ನಾಳೆ "ತಡವಾಗಿ ಬಂದೆ" ಹಾಡಿನ ಸರದಿ. ನಾನು ಬರೆದದ್ದು. "ಬಸ್ಸು ಹೋಗಿತ್ತು… ತಡವಾಗಿ… ಬಂದೆ."

ಕಾಲೇಜಿನ ದಿನಗಳಲ್ಲಿ ಅವಳು ಒಂದು ದಿನವೂ ರಿಹರ್ಸಲ್‌ಗೆ ಹೊತ್ತಿಗೆ ಸರಿಯಾಗಿ ಬಂದವಳಲ್ಲ. ಈ ಸಾಲು ಬಂದಾಗ ಹೀರೋ ಕೀಬೋರ್ಡಿನ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದ. ಜನರ ಶಿಳ್ಳೆ. ಅವಳ ಮುಖ ಕೆಂಪು. ಹಾಗೇ ಬೆಳೆದು ಮದುವೆಯವರೆಗೆ ಹೋಯಿತು. ನನ್ನ ಸಾಲು ಹಿಡಿದುಕೊಂಡು!

ಹಾಡಿನಲ್ಲಿ ತಡವಾಗಿ ಬಂದದ್ದು ಅವಳಲ್ಲ. ನಾನು. ಅವನು ಆಗಲೇ ಅವಳ ಪಕ್ಕದಲ್ಲಿ ಕೂತಿದ್ದ. ನಾನು ಬಂದೆ, ನೀನು ಬಂದೆ — ಎರಡಕ್ಕೂ ಒಂದೇ ಬಂದೆ. ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಜೂನ್ 11, ಮಂಗಳವಾರ

ಹೀರೋಗೆ ಗಂಟಲು ಪೂರ್ತಿ ಕಟ್ಟಿ ವಾರವೆಲ್ಲ ಕೆಲಸ ನಿಂತಿತ್ತು. ಇವತ್ತು ಬಂದವನೇ ನನ್ನ ಹೆಗಲ ಮೇಲೆ ಕೈ ಹಾಕಿದ.

"ನನ್ನ ಕೈಲಾಗಲ್ಲ ಕಣೋ. ಇದನ್ನ ನೀನೇ ಹಾಡು."

ಎಷ್ಟು ಸಲೀಸಾಗಿ ಕೊಟ್ಟುಬಿಟ್ಟ. ಅದಕ್ಕೂ ಹೊಟ್ಟೆ ಉರಿಯಿತು. ಇದ್ದವನು ತಾನೇ ಕೊಡುವುದು.

ಹಾಡಿದೆ. ಆ ಸಾಲು ಬಂದಾಗಲೂ ಯಾರ ಕಡೆಗೂ ತಿರುಗಲಿಲ್ಲ. ಮುಗಿದಾಗ ಹೀರೋ ನಗುತ್ತಿದ್ದ.

"ಅಂದ್ರೆ ತಡವಾಗಿ ಬಂದಿದ್ದು ಹಾಡೋನಾ? ಇಷ್ಟು ವರ್ಷ ಸುಮ್ಮನೆ ಇವಳ ಕಾಲೆಳೀತಿದ್ನಲ್ಲೋ."

ಡ್ರಮ್ಮರ್ ನಕ್ಕ. ನಾನೂ ನಕ್ಕೆ. ಅವಳು ನಗಲಿಲ್ಲ.

ಚಹಾದ ಹೊತ್ತಿಗೆ ಹತ್ತಿರ ಬಂದಳು. ಕೈಯಲ್ಲಿ ಫ್ಲಾಸ್ಕ್ ಇರಲಿಲ್ಲ.

"'ನಾ' ಅಂತ ಒಂದಕ್ಷರ ಸೇರಿಸೋಕೆ ಏನಾಗಿತ್ತು ನಿಂಗೆ?"

"ತಾಳಕ್ಕೆ ಕೂರ್ತಿರಲಿಲ್ಲ."

ನನ್ನ ಮುಖವನ್ನೇ ನೋಡಿದಳು. ಆಚೆ ಹೀರೋ ಕೆಮ್ಮಿದ. ಬಿಸಿನೀರು ತರಲು ಹೋದಳು.

ಜೂನ್ 12, ಬುಧವಾರ, ಬೆಳಿಗ್ಗೆ

ಸ್ಟುಡಿಯೊಗೆ ಹೊರಡಬೇಕು. ಚಪ್ಪಲಿ ಹಾಕಿದವನು ಮತ್ತೆ ಬಿಚ್ಚಿ, ಬೇಸ್ ಹಿಡಿದು ಕೂತೆ. "ತಡವಾಗಿ" ಆದಮೇಲೆ ಒಂದು ಬೀಟಿನ ಬಿಡುವಿದೆ. ಹೀರೋ ಉಸಿರು ಎಳೆದುಕೊಳ್ಳಲಿ ಎಂದು ಆಗ ನಾನೇ ಬಿಟ್ಟ ಜಾಗ. ಅಲ್ಲಿ ಇಟ್ಟು ನೋಡಿದೆ.

ಬಸ್ಸು ಹೋಗಿತ್ತು… ತಡವಾಗಿ ನಾ ಬಂದೆ.

ಕೂರುತ್ತದೆ. ಎಷ್ಟು ಸಲೀಸಾಗಿ —