ಎಡತೋಳಿನ ತೇಪೆ

ಮನೆಯಿಂದ,
ಅಕ್ಟೋಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಬಸ್ಸಿನ ಸ್ಟಿಯರಿಂಗ್ ಹಿಡಿದು ಕೂರುವವನಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ. ಸೀಟಿಗೆಂದು ಒಂದು ದಿಂಬು ಹೊಲಿದುಕೊಟ್ಟಿದ್ದೆ. ಅದನ್ನು ಬಳಸುತ್ತಿದ್ದೀಯೋ, ಇಲ್ಲಾ ಅದು ನಿನ್ನ ಕಂಡಕ್ಟರನ ತಲೆಯಡಿಗೆ ಹೋಯಿತೋ? ಹೋದ ಸಲ ಬಂದಾಗ ಹರಿದುಕೊಂಡೆಯಲ್ಲ, ಆ ನೀಲಿ ಅಂಗಿಯ ಎಡತೋಳಿಗೆ ಹಾಕಿಕೊಟ್ಟ ತೇಪೆ ನಿಂತಿದೆ ತಾನೇ? ನಮ್ಮ ಗೇಟಿನ ಕಂಬಕ್ಕೂ ನಿನಗೂ ಯಾವ ಜನ್ಮದ ಹಗೆಯೋ, ಬರುವಾಗಲೂ ತಾಗಿಸಿಕೊಂಡೆ, ಹೋಗುವಾಗಲೂ ತಾಗಿಸಿಕೊಂಡೆ. ಅಪ್ಪನ ಮಗನೇ ಸರಿ ಎಂದು ನಾನು ನಕ್ಕಿದ್ದೆ. ಸೊಸೆ, ಮೊಮ್ಮಗಳು ಆರೋಗ್ಯವೆಂದು ನಂಬಿದ್ದೇನೆ. ಮೊಮ್ಮಗಳ ಹಲ್ಲು ಬಿತ್ತಂತೆ, ಹೊಸದು ಇಣುಕಿತೇ?

ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನ ಕಣ್ಣು ಹೋಗುತ್ತಿದೆ, ಮಗನೇ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತಿರುತ್ತಾರೆ, ಈಚೆಗೆ ಕಿವಿಯೂ ಬಹಳ ಚುರುಕಾಗಿದೆ. ಈಗ ಒಳಗೆ ಮಲಗಿದ್ದಾರೆ. ಎದ್ದ ಸದ್ದಾದರೆ ಈ ಹಾಳೆಯನ್ನು ಹೊಲಿಗೆಯ ಬಟ್ಟೆಗಳಡಿಗೆ ತೂರಿಸಬೇಕು, ಅದಕ್ಕೇ ಅಕ್ಷರ ಕೋಳಿ ಕೆದರಿದ ಹಾಗಿದೆ.

ನಿನಗೆ ಗೊತ್ತಲ್ಲ, ಕಲ್ಲುಕೆಲಸ ಬಿಟ್ಟ ಮೇಲೆ ಅವರಿಗೆ ಸೈಕಲ್ಲೇ ಸಂಸಾರ. ಆ ಕಪ್ಪು ಸೈಕಲ್ಲನ್ನು ನಾನು ಸವತಿಯೆಂದೇ ಕರೆಯುವುದು. ಗೊಣಗುತ್ತಲೇ ನಾನೂ ನನ್ನ ಸೈಕಲ್ಲು ಹತ್ತಿ ಹಿಂದೆ ಹೊರಡುತ್ತಿದ್ದೆ. ದೊಡ್ಡ ರಸ್ತೆ ಬಿಟ್ಟು, ಬೇಲಿಗಳ ನಡುವಿನ ಸಣ್ಣ ದಾರಿಗಳಲ್ಲಿ, ಯಾರಿಗೂ ಬೇಡವಾದ ಹಳೆಯ ಊರುಗಳಿಗೆ. ಅವಸರವೆಂಬುದೇ ಇಲ್ಲ, ಆಮೆ ನಮ್ಮನ್ನು ಹಿಂದೆ ಹಾಕಿದರೂ ಆಶ್ಚರ್ಯವಿಲ್ಲ. ಸೇತುವೆ ಕಂಡರೆ ಇಳಿದು ಕಮಾನಿನಡಿ ಬಗ್ಗಿ ನೋಡಬೇಕು, ಗೋಡೆ ಕಂಡರೆ ಅಂಗೈಯಿಂದ ಸವರಬೇಕು. "ಈ ಕಲ್ಲು ಕೂರಿಸಿದವನು ಎಡಚ ಕಣೇ" ಅನ್ನುವರು, ಎದುರಿಗೆ ನಿಂತು ಕಂಡವರ ಹಾಗೆ. ಸುಳ್ಳೋ ನಿಜವೋ, ಕೇಳಲು ಚೆನ್ನಾಗಿರುತ್ತಿತ್ತು. ನಮ್ಮ ಬಾಳಿನಲ್ಲಿ ನಾವಿಬ್ಬರೂ ಅಷ್ಟು ಸುಖವಾಗಿ ಇದ್ದದ್ದು ಆ ದಾರಿಗಳಲ್ಲೇ.

ಈ ವರ್ಷ ಯುಗಾದಿ ಕಳೆದ ಮೇಲೆ ಅವರ ಅಂಗಿಗಳ ಎಡತೋಳು ಹರಿಯತೊಡಗಿತು. ಕೇಳಿದರೆ ಬೇಲಿ ತಾಗಿತು ಅನ್ನುವರು. ಬೇಲಿ ಎರಡೂ ಕಡೆ ಇರುತ್ತದಲ್ಲ, ಬಲತೋಳು ಮಾತ್ರ ಹೊಸದರ ಹಾಗೇ ಇರುತ್ತಿತ್ತು. ಬೆರಳ ಗೆಣ್ಣುಗಳೂ ಅಷ್ಟೇ, ಎಡಗೈಯವು ಮಾತ್ರ ತರಚಿರುತ್ತಿದ್ದವು. ವಯಸ್ಸಾಯಿತು, ಕೈ ಹಿಡಿತಕ್ಕೆ ಸಿಗುತ್ತಿಲ್ಲ ಎಂದುಕೊಂಡು ತೇಪೆ ಹಾಕುತ್ತಾ ಹೋದೆ.

ಹೋದ ತಿಂಗಳು ಬಾವಿಬೀದಿಯ ಊರಿಗೆ ಹೋದೆವು. ನೀನು ಚಿಕ್ಕವನಿದ್ದಾಗ ಅವರ ಸೈಕಲ್ಲಿನ ಮುಂದೆ ಕೂತು ಬಂದಿದ್ದೆ, ನೆನಪಿರಬೇಕು. ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಮನೆಗಳು, ತುದಿಯಲ್ಲಿ ಬಾವಿ. ನಿಮ್ಮಪ್ಪನ ತಾತ ಕಟ್ಟಿದ ಗೋಡೆಗಳಂತೆ ಅವು. ತಿರುವು ದಾಟಿದ ಕೂಡಲೇ ನಾನು ಬ್ರೇಕ್ ಹಿಡಿದೆ. ಎಡಗಡೆಯ ಸಾಲು ಪೂರ್ತಿ ಇರಲಿಲ್ಲ. ರಸ್ತೆ ಅಗಲ ಮಾಡಲು ಕೆಡವಿಹಾಕಿದ್ದರು. ಮಣ್ಣಿನ ಗುಡ್ಡೆಗಳು, ಮುರಿದ ಚೌಕಟ್ಟುಗಳು, ಯಾರದೋ ಅಡುಗೆಮನೆಯ ಮಸಿ ಹಿಡಿದ ಗೂಡು ಬಿಸಿಲಿಗೆ ಬಿದ್ದಿತ್ತು. ಇವರಿಗೆ ಹೇಗಪ್ಪಾ ಸಮಾಧಾನ ಹೇಳಲಿ ಎಂದು ನಾನು ಒದ್ದಾಡುತ್ತಿದ್ದರೆ, ಇವರು ಮುಂದೆ ನಿಧಾನವಾಗಿ ಪೆಡಲ್ ತುಳಿಯುತ್ತಾ, "ನೋಡೇ, ಎರಡೂ ಕಡೆ ನೋಡು. ನೂರು ವರ್ಷದ ಮೇಲಾಯ್ತು, ಒಂದು ಕಲ್ಲು ಅಲುಗಿಲ್ಲ" ಅಂದರು.

ದುಃಖಕ್ಕೆ ಹೀಗೆ ವ್ಯಂಗ್ಯವಾಡುತ್ತಿದ್ದಾರೆ ಎಂದುಕೊಂಡು ಹಿಂದೆಯೇ ತುಳಿದೆ. ಬಾವಿಯ ಹತ್ತಿರ ಇಳಿದರು. ಆ ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲವಲ್ಲ, ಭಾರವೆಂದು ತಾವೇ ಬಿಚ್ಚಿಸಿದ್ದರು. ಎಂದಿನಂತೆ ಅತ್ತ ತಿರುಗಿಯೂ ನೋಡದೆ ಎಡಗಡೆಯ ಗೋಡೆಗೆ ಒರಗಿಸಿ ಕೈಬಿಟ್ಟರು. ಗೋಡೆ ಎಲ್ಲಿತ್ತು? ಸೈಕಲ್ಲು ಗುಂಡಿಗೆ ಉರುಳಿತು, ಗೋಡೆಗೆ ಕೈಯೂರಲು ಹೋದ ಇವರೂ ಅದರ ಹಿಂದೆಯೇ ಉರುಳಿದರು. ಕೆಲಸದವರು ಓಡಿಬಂದು, "ಯಜಮಾನ್ರೇ, ಕಣ್ಣು ಕಾಣಲ್ವಾ? ಗೋಡೆ ಒಡೆದು ತಿಂಗಳಾಯ್ತು" ಎಂದು ಎತ್ತಿ ಕೂರಿಸಿದರು. ಇವರು ನಿಧಾನವಾಗಿ ಮುಖವನ್ನು ಎಡಕ್ಕೆ ತಿರುಗಿಸಿ, ಬಹಳ ಹೊತ್ತು ಆ ಖಾಲಿ ಜಾಗವನ್ನೇ ನೋಡಿದರು. "ನಾನು ಬರುವಾಗ ಇತ್ತಲ್ಲೇ" ಅಂದರು.

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ತಮ್ಮ ಮೂಗನ್ನೇ ನೋಡುತ್ತಿರಲು ಹೇಳಿ ಪಕ್ಕದಲ್ಲಿ ಬೆರಳಾಡಿಸಿದರು. ಎಡಗಡೆ ಬೆರಳು ಎಷ್ಟು ಹತ್ತಿರ ಬಂದರೂ ಇವರು "ಇನ್ನೂ ಇಲ್ಲ, ಇನ್ನೂ ಇಲ್ಲ" ಅನ್ನುತ್ತಲೇ ಇದ್ದರು. ಕಣ್ಣೊಳಗಿನ ಒತ್ತಡ ಹೆಚ್ಚಿ ನೋಟ ಅಂಚಿನಿಂದ ಸವೆಯುತ್ತಾ ಬರುತ್ತದಂತೆ. ನೋವಿಲ್ಲ, ಉರಿಯಿಲ್ಲ. ಕಾಣದ ಕಡೆ ಏನಿರಬೇಕೋ ಅದನ್ನು ಮನಸ್ಸೇ ತುಂಬಿಕೊಳ್ಳುವುದರಿಂದ ಕಾಣುತ್ತಿಲ್ಲವೆಂದು ಗೊತ್ತೇ ಆಗುವುದಿಲ್ಲವಂತೆ. ಹೋದದ್ದು ಹೋಯಿತು, ಡ್ರಾಪ್ಸ್ ಹಾಕಿ ಇರುವುದನ್ನು ಉಳಿಸಿಕೊಳ್ಳಿ, ಮೊದಲೇ ಬಂದಿದ್ದರೆ ಬಹಳ ಉಳಿಯುತ್ತಿತ್ತು ಅಂದರು. ಸೈಕಲ್ಲು ಮುಟ್ಟಬೇಡಿ ಎಂದೂ ಹೇಳಿದರು.

ಅಂದಿನಿಂದ ಇವರು ಬೆಳಗಾದರೆ ಚೈನಿಗೆ ಎಣ್ಣೆ ಬಿಡುತ್ತಾರೆ, ಗಾಳಿ ತುಂಬುತ್ತಾರೆ, ಹ್ಯಾಂಡಲ್ ಹಿಡಿದು ಬೀದಿಯ ಮೂಲೆಯವರೆಗೆ ತಳ್ಳಿಕೊಂಡು ಹೋಗಿ ಹಾಗೇ ತಳ್ಳಿಕೊಂಡು ಬರುತ್ತಾರೆ. ಡ್ರಾಪ್ಸ್ ಹಾಕಲು ಹೋದರೆ ಮಗುವಿನಂತೆ ಮುಖ ತಿರುಗಿಸುತ್ತಾರೆ. ಮೊನ್ನೆ, "ನೋಡ್ಬೇಕಾದ್ದೆಲ್ಲ ನೋಡಿ ಆಯ್ತು ಬಿಡು" ಅಂದರು. ಸವತಿಯ ಮೇಲೆ ಈಗ ನನಗೆ ಸಿಟ್ಟಿಲ್ಲ. ಹೊಳೆಯುತ್ತಾ ಗೋಡೆಗೊರಗಿ ನಿಂತ ಅವಳನ್ನು ಕಂಡರೆ ಅಳು ಬರುತ್ತದೆ.

ಮೊಮ್ಮಗಳ ಬೋಳು ಬಾಯಿಗೊಂದು ಮುತ್ತು ಕೊಡು. ಸೊಸೆಗೆ ನಾನು ನೆನೆಸಿಕೊಂಡೆನೆಂದು ಹೇಳು. ನನ್ನ ಪಾಲಿಗೆ ಏನಾದರೂ ಒಳ್ಳೆಯದು ಉಳಿದಿದ್ದರೆ ಅದು ನಿಮ್ಮ ಮೂವರಿಗೇ ಬರಲಿ.

ಇತಿ, ನಿನ್ನ
ಅಮ್ಮ

ತಾ. ಕ.: ಬರೆಯಬೇಕಾದದ್ದನ್ನು ಇನ್ನೂ ಬರೆದಿಲ್ಲ, ಕೈ ಬರಲಿಲ್ಲ. ಈ ರೋಗ ಅಪ್ಪನಿಂದ ಮಕ್ಕಳಿಗೆ ಇಳಿಯಬಹುದಂತೆ. "ಮಕ್ಕಳಿದ್ದಾರಾ? ಅವರನ್ನೂ ಬೇಗ ಪರೀಕ್ಷೆ ಮಾಡಿಸ್ಬೇಕು" ಎಂದು ಡಾಕ್ಟರು ಕೇಳಿದಾಗ ನಿಮ್ಮಪ್ಪ ನನ್ನ ಕೈ ಅದುಮಿ, "ನಮಗೆ ಮಕ್ಕಳಿಲ್ಲ" ಅಂದುಬಿಟ್ಟರು. ಹೊರಗೆ ಬಂದ ಮೇಲೆ, "ಅವನ ಅನ್ನಕ್ಕೆ ಕಲ್ಲು ಹಾಕ್ಬೇಡ. ಏನೂ ಹೇಳ್ಬೇಡ ಅವನಿಗೆ" ಅಂದರು. ಇಷ್ಟು ದಿನ ನಾನೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಒರೆಸಲು ಹಳೆಯ ಬಟ್ಟೆ ಹುಡುಕುವಾಗ ನೀನು ಇಲ್ಲಿ ಬಿಟ್ಟುಹೋದ ಬಿಳಿ ಅಂಗಿ ಸಿಕ್ಕಿತು. ಅದರಲ್ಲೂ ಹರಿದಿರುವುದು ಎಡತೋಳೇ. ಕಾಗದ ಕೆಳಗಿಟ್ಟು, ಎದುರಿನ ಬಾಗಿಲನ್ನೇ ನೋಡುತ್ತಾ ಎಡಗೈ ಪಕ್ಕಕ್ಕೆ ಚಾಚಿ ಬೆರಳಾಡಿಸು. ಕಂಡರೂ ನಾಳೆಯೇ ಡಾಕ್ಟರ ಹತ್ತಿರ ಹೋಗು. ಕಾಣದಿದ್ದರೆ ಸ್ಟಿಯರಿಂಗ್ ಮುಟ್ಟಬೇಡ, ಮಗನೇ. ನಿನ್ನನ್ನು ನಂಬಿ ಬಸ್ಸು ತುಂಬ ಜನ ಹಿಂದೆ ಕೂತು ತೂಕಡಿಸುತ್ತಿರುತ್ತಾರೆ.