ಫಿಂಟನ್ ಬಾಯಿಪಾಠ ಮಾಡಿದ ಉತ್ತರಗಳು

ಅಮ್ಮಾ,

ನಿನ್ನ ಮೇಲೆ ಸಿಟ್ಟು ಬಂದಿದೆ. ನೀನು ಓದುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಡೌನ್ ಸಿಂಡ್ರೋಮ್ ಇರುವವರಿಗೆ ನಲವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ಮಾಡುವ ಮರೆವಿನ ಪರೀಕ್ಷೆಗೆ ಇವತ್ತು ಫಿಂಟನ್‌ನನ್ನು ಡಬ್ಲಿನ್ನಿಗೆ ಕರೆದೊಯ್ದಿದ್ದೆ. ಡಾಕ್ಟರು ವಾರ, ತಿಂಗಳು, ಬೆಳಗಿನ ತಿಂಡಿ ಎಲ್ಲ ಕೇಳಿದರು. ನಿನ್ನ ಮುದ್ದಿನ ಮಗ ಒಂದೂ ತಪ್ಪಲಿಲ್ಲ. "ಇವತ್ತು ಗುರುವಾರ ಅಂತ ನಿಮ್ಗೇ ಗೊತ್ತಿಲ್ವಾ ಡಾಕ್ಟ್ರೇ?" ಎಂದು ನಕ್ಕ.

ತಪ್ಪುವುದು ಹೇಗೆ? ಏನೂ ತಿಳಿಯದವನೆಂದು ಎಲ್ಲಿ ಇಂಥವರನ್ನಿಡುವ ಸರ್ಕಾರಿ ಆಶ್ರಮಕ್ಕೆ ಒಯ್ದುಬಿಡುತ್ತಾರೋ ಎಂಬ ಹೆದರಿಕೆಗೆ ನೀನು ದಿನಾ ಚಹಾದ ಹೊತ್ತಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ನೀನು ಹೋದ ಮೇಲೆ ಆ ಚಾಳಿ ನನಗೆ ಅಂಟಿತು. ಇವತ್ತೂ ಬಸ್ಸಿನಲ್ಲಿ ಮೂರು ಸಲ ಹೇಳಿಸಿದ್ದೆ.

"ಉತ್ತರ ಎಲ್ಲಾ ಸರಿ ಇದೆ," ಎಂದರು ಡಾಕ್ಟರು. "ಆದ್ರೆ ಮರೆವಿನ ಕಾಯಿಲೆ ತೋರಿಸೋ ಪ್ರೋಟೀನು ಇವ್ರ ರಕ್ತದಲ್ಲಿ ಎರಡು ವರ್ಷದಿಂದ ಏರ್ತಾನೇ ಇದೆ. ಮನೇಲಿ ನಿಮ್ಗೆ ಏನೂ ಕಾಣ್ಲಿಲ್ವಾ?"

ಕಂಡಿತ್ತು. ಬೂಟಿನ ದಾರ ಕಟ್ಟಲು ಬಾರದಾದಾಗ ಸೋಮಾರಿ ಎಂದು ಗದರಿದ್ದೆ.

"ಉತ್ತರ ನಾನೇ ಹೇಳ್ಕೊಟ್ಟಿದ್ದು," ಎಂದೆ. ರಕ್ತಕ್ಕೆ ಯಾರು ಹೇಳಿಕೊಡುತ್ತಾರೆ ಅಮ್ಮಾ?

ಡಾಕ್ಟರು ಪೆನ್ನು ಕೆಳಗಿಟ್ಟು ಅವನನ್ನೇ ಕೇಳಿದರು: "ಫಿಂಟನ್, ನಿಮ್ಮಮ್ಮ ಎಲ್ಲಿದಾರೆ?"

"ಮನೇಲಿ. ನಾವು ಹೋಗೋಷ್ಟ್ರಲ್ಲಿ ಚಾ ಮಾಡಿಟ್ಟಿರ್ತಾಳೆ."

ಹೋದ ವರ್ಷ ನಿನ್ನ ಶವಪೆಟ್ಟಿಗೆಗೆ ಹೆಗಲು ಕೊಡಲು ಎಲ್ಲರಿಗಿಂತ ಮುಂದೆ ನಿಂತವನು ಅವನೇ. ಈ ಪ್ರಶ್ನೆಯೊಂದಕ್ಕೆ ಉತ್ತರ ಹೇಳಿಕೊಡಬೇಕೆಂದು ನಿನಗೂ ಹೊಳೆದಿರಲಿಲ್ಲ, ನನಗೂ ಹೊಳೆಯಲಿಲ್ಲ.